ಮೂರು ಸ್ಟೀಲ್ ಲೋಟ, ಒಂದು ಡಬ್ಬಿ ಚೊಗರು: ಬಿಯರಿಗೆ ಅಂಕ ಹಾಕಲು ಕಲಿತ ನನ್ನ ಅನುಭವ

ಹೋದ ಡಿಸೆಂಬರಿನಲ್ಲಿ ದಕ್ಷಿಣ ಗೋವಾದ ಒಂದು ಸಣ್ಣ ಬ್ರೂವರಿಯಲ್ಲಿ ನಾವು ಆರು ಜನ ಕೂತು, ಒಂದೇ ಲಾಗರಿನ (ತಂಪಿನಲ್ಲಿ ಹುದುಗಿಸುವ ಬಿಯರ್) ಎರಡು ಬ್ಯಾಚುಗಳನ್ನು ಬಣ್ಣ ನೋಡದೆ, ಹೆಸರು ಕೇಳದೆ ಬೇರೆ ಮಾಡಿದೆವು. ಪ್ರತಿ ಸಲ ಮೂರು ಲೋಟದಲ್ಲಿ ಬೇರೆಯದು ಯಾವುದೆಂದು ಹೇಳಬೇಕು. ತಲಾ ನಾಲ್ಕು ಸಲ, ಒಟ್ಟು 24 ಪ್ರಯತ್ನ. 19 ಸರಿ ಬಂತು. ಕಣ್ಣುಮುಚ್ಚಿ ಊಹಿಸಿದ್ದರೆ 8 ಬರಬೇಕಿತ್ತು. ಅಲ್ಲಿನ ಬ್ರೂವರ್ ಚೀಟಿಗಳನ್ನು ಎರಡು ಸಲ ಎಣಿಸಿದರು. “ಮೀನುಸಾರು ಉಂಡ ಬಾಯಿಗೆ ಹಾಪ್ಸ್ ಏನು ತಿಳೀತದೆ ಮಾರಾಯ” (ಹಾಪ್ಸ್ ಅಂದರೆ ಬಿಯರಿಗೆ ಕಹಿ, ವಾಸನೆ ಕೊಡುವ ಹೂವು) ಎಂದು ಎರಡು ವರ್ಷ ಹೇಳಿಕೊಂಡು ಬಂದಿದ್ದ ಬೆಂಗಳೂರಿನ ಗೆಳೆಯನಿಗೆ ಆ ರಾತ್ರಿಯೇ ಚೀಟಿಗಳ ಫೋಟೊ ಕಳಿಸಿದೆ. ಇದನ್ನು ಬರೆಯುವ ಧೈರ್ಯ ಬಂದದ್ದು ಅವತ್ತು.

ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. ದುಡ್ಡು, ಎಲ್ಲ ಸೇರಿ, 40 ಸಾವಿರದ ಆಸುಪಾಸು. ನಾನು ಹುಟ್ಟಿದ್ದು ಸಿರಸಿ ಕಡೆಯ ಅಡಿಕೆ ಮನೆಯಲ್ಲಿ, ನೌಕರಿ ಕಾರವಾರದಲ್ಲಿ. ಅಲ್ಲಿನ ಮನೆಯಿಂದ ಮಾಜಾಳಿ ಗಡಿ ಹತ್ತಿರವೇ, ಆದರೆ ಗೋವಾದ ಬಾಟಲಿ ಗಡಿ ದಾಟಿ ಈಚೆ ಬರುವ ಹಾಗಿಲ್ಲ. ಅದಕ್ಕೇ ನಮ್ಮ ಕೂಟ ಮೊದಲಿನಿಂದಲೂ ಗಡಿಯಾಚೆ ಗೋವಾದ ಕಾಣಕೋಣದಲ್ಲಿ, ಸಹೋದ್ಯೋಗಿಯೊಬ್ಬರ ಮನೆಯ ಮಾಳಿಗೆಯಲ್ಲಿ. ಹೋಗುವುದೂ ಬರುವುದೂ ರೈಲಿನಲ್ಲಿ. ಗಾಡಿ ತರುವವರಿಗೆ ಲೋಟ ಇಲ್ಲ ಅನ್ನುವುದು ಮೊದಲ ದಿನದ ಕಟ್ಟಳೆ, ಇವತ್ತಿಗೂ ಮುರಿದಿಲ್ಲ.

ಮೊದಲ ವರ್ಷ ಬಿಜೆಸಿಪಿಯ (ಬಿಯರ್ ತೀರ್ಪುಗಾರರನ್ನು ತಯಾರು ಮಾಡುವ ಸಂಸ್ಥೆ) 50 ಅಂಕದ ಹಾಳೆ ಹಿಡಿದು ಕೂತೆವು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಮೈಗೆ (ಬಾಯಲ್ಲಿ ದಪ್ಪವೋ ತೆಳುವೋ ಎಂಬುದಕ್ಕೆ) 5, ಒಟ್ಟಾರೆಗೆ 10. ಹಾಳೆಯಲ್ಲಿ ತಪ್ಪಿಲ್ಲ. ನಮ್ಮ ಕೈಯಲ್ಲಿ ಅದು ಕೆಲಸ ಮಾಡಲಿಲ್ಲ. ಏನು ಕುಡಿದರೂ ಹೆಚ್ಚುಕಡಿಮೆ ಎಲ್ಲರ ಅಂಕ 31ರಿಂದ 36ರ ಒಳಗೆ. ಒಂದು ದಿನ ಯಾರಿಗೂ ಹೇಳದೆ ಒಂದೇ ಕ್ಯಾನನ್ನು ಎರಡನೆಯದಾಗಿಯೂ ಐದನೆಯದಾಗಿಯೂ ಬಡಿಸಿದೆ. ಅಂಕೋಲಾದ ಗೆಳೆಯ ಮೊದಲ ಸಲ 29 ಕೊಟ್ಟ, ಎರಡನೇ ಸಲ 38. ಆ ದಿನದ ಹಾಳೆಗಳನ್ನೆಲ್ಲ ಹರಿದು ಹಾಕಿದೆವು. ಆ ವರ್ಷ ಕುಡಿದ ಬಿಯರ್ 14–15 ಸಾವಿರದ್ದಿರಬೇಕು, ಒಂದು ಅಂಕವೂ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಬಿಯರಿನ ದೋಷ ಗುರುತಿಸಲು ಕಲಿಸುವ, ದೋಷದ ವಾಸನೆ ತುಂಬಿದ ಕ್ಯಾಪ್ಸೂಲುಗಳ ಕಿಟ್ ತರಿಸಿದೆ. ಪರದೇಶದ್ದು, ಸುಂಕ ಸೇರಿ 12 ಸಾವಿರ ದಾಟಿತು. ಬಂದದ್ದು ಮೇ ತಿಂಗಳಲ್ಲಿ. ಕೊರಿಯರಿನವರ ಗೋದಾಮಿನಲ್ಲಿ ಹತ್ತು ದಿನ ಆ ಸೆಕೆಯಲ್ಲಿ ಬಿದ್ದಿತ್ತು. ತೆರೆದಾಗ ಅರ್ಧಕ್ಕರ್ಧ ಕ್ಯಾಪ್ಸೂಲಿಗೆ ವಾಸನೆಯೇ ಇಲ್ಲ. ಉಳಿದವನ್ನು ಬೆರೆಸಿ ಮೂಸಿದೆವು, ಎರಡು ವಾರದಲ್ಲಿ ಎಲ್ಲರೂ ಮರೆತೆವು. ನನಗೆ ಅತಿ ಹೆಚ್ಚು ಹೊಟ್ಟೆ ಉರಿದ ಖರ್ಚು ಅದು.

ದಾರಿ ಸಿಕ್ಕಿದ್ದು ಒಂದು ಜಗಳದಲ್ಲಿ. ಒಂದು ಪೇಲ್ ಏಲ್ (ಏಲ್ ಅಂದರೆ ತುಸು ಬೆಚ್ಚಗೆ ಹುದುಗಿಸುವ ಬಿಯರ್) ಕುಡಿದು ನಾಲ್ವರು “ಬಿಟರ್, ಜಾಸ್ತಿ” ಎಂದು ಬರೆದಿದ್ದರು. ಅಂಕೋಲಾದವನು ಮಾತ್ರ ಒಪ್ಪಲಿಲ್ಲ. “ಇದು ಕಹಿ ಅಲ್ಲ, ಒಗರು. ಎಳೇ ಮಿಡಿ ಕಚ್ಚಿದ ಹಾಗೆ ಹಲ್ಲು ಹಿಡೀತದೆ.” ಮತ್ತೆ ಕುಡಿದು ನೋಡಿದರೆ ಅವನು ಹೇಳಿದ್ದೇ ಸರಿ. ಕಹಿ ಬರುವುದು ಹಾಪ್ಸಿನಿಂದ, ಒಗರು ಬಂದದ್ದು ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹೊಟ್ಟಿನಿಂದ. ಅತಿ ಬಿಸಿನೀರಲ್ಲಿ ಅತಿಯಾಗಿ ತೊಳೆದಾಗ ಒಗರು ಕೊಡುವ ಟ್ಯಾನಿನ್ ಇಳಿಯುತ್ತದೆ. ಎರಡೂ ಬೇರೆ ಬೇರೆ ತಪ್ಪು. ಐಬಿಯು (ಕಹಿಯ ಅಳತೆ) ನೋಡಿಕೊಂಡು ಕೂತಿದ್ದ ನಮಗೆ ಅದು ಹೊಳೆದಿರಲಿಲ್ಲ. ಅಪ್ಪೆಮಿಡಿ, ಅಡಿಕೆ, ನೆಲ್ಲಿಕಾಯಿ ತಿಂದು ಬೆಳೆದ ಜನ ನಾವು, ಒಗರು ಗೊತ್ತಿಲ್ಲದ ಬಾಯಿ ಈ ಜಿಲ್ಲೆಯಲ್ಲಿ ಇದೆಯೇ? ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಮಾತ್ರ ಅದು ಮರೆತು ಹೋಗುತ್ತಿತ್ತು. ಬಿಯರ್ ವಿಜ್ಞಾನಿ ಮೈಲ್ಗಾರ್ಡ್ 1970ರ ದಶಕದಲ್ಲಿ ಬಿಯರಿನ ರುಚಿ, ವಾಸನೆಯ ಪದಗಳನ್ನು ಜೋಡಿಸಿ ಮಾಡಿದ ರುಚಿಚಕ್ರ ದೊಡ್ಡ ಕೆಲಸ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪೈನ್ ಮರವನ್ನು ಕಾಣದವನು “ಪೈನ್” ಎಂದು ಬರೆದರೆ ಅದು ಬೇರೆಯವರ ಹಾಳೆ ನೋಡಿ ಬರೆದ ಉತ್ತರ.

ಹಾಗಾಗಿ ಚಕ್ರವನ್ನು ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋದೆ. ಸುಗ್ಗಿಯಲ್ಲಿ ಊರಿಗೆ ಹೋದಾಗ ಅಡಿಕೆ ಬೇಯಿಸಿದ ಹಂಡೆಯಿಂದ ಒಂದು ಸಣ್ಣ ಡಬ್ಬಿ ಚೊಗರು (ಅಡಿಕೆ ಬೆಂದು ಉಳಿದ ಗಟ್ಟಿ ನೀರು) ಕೇಳಿದೆ. “ಚೊಗರು ಎಂತಕ್ಕೆ ತಮಾ ನಿಂಗೆ?” ಅಂದರು ಅತ್ತಿಗೆ. ಒಗರಿಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಒಂದು ಲೋಟ ನೀರಿಗೆ ಎರಡೇ ಹನಿ, ಬಾಯಲ್ಲಿ ಆಡಿಸಿ ಉಗುಳಿಬಿಡಬೇಕು, ನುಂಗುವುದಲ್ಲ. ಕಹಿಗೆ ಕಿರಾತಕಡ್ಡಿ ನೆನೆಸಿದ ನೀರು. ಎರಡನ್ನೂ ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ಕೂತರೆ ಸಾಕು, ಆಮೇಲೆ ಕಹಿಯನ್ನೂ ಒಗರನ್ನೂ ಯಾರೂ ಕಲಸಿಕೊಳ್ಳುವುದಿಲ್ಲ.

ಹೀಗೇ ಡಬ್ಬಿಗಳು ಬೆಳೆದವು. ಗೋಧಿ ಬಿಯರಿನ ಲವಂಗದ ವಾಸನೆಗೆ ನಮ್ಮ ತೋಟದ್ದೇ ಲವಂಗ, ಬಾಳೆಹಣ್ಣಿನ ವಾಸನೆಗೆ ಸಿಪ್ಪೆ ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆ. ಯೀಸ್ಟ್ ಹುದುಗಿಸುವಾಗ ಹುಟ್ಟುವ ಡೈಅಸಿಟೈಲ್ ಎಂಬ ದೋಷಕ್ಕೆ ಬೆಣ್ಣೆ. ಮಾಲ್ಟಿನಿಂದ ಬರುವ ಡಿಎಂಎಸ್ ಎಂಬ ಗಂಧಕದ ವಾಸನೆಗೆ ಮೆಕ್ಕೆಜೋಳದ ತೆನೆ ಬೇಯಿಸಿದ ನೀರು. ಹಳೆಯದಾದ ಬಿಯರಿನ ವಾಸನೆಗೆ ನೆನೆದ ರಟ್ಟು, ಅದಂತೂ ಕಾರವಾರದ ಮಳೆಗಾಲದಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹುಳಿಗೆ ಮೂರು ಡಬ್ಬಿ: ಮಜ್ಜಿಗೆಯ ಹುಳಿ, ವಿನೆಗರಿನ ಹುಳಿ, ಮುರುಗಲು (ಕೋಕಂ) ಹುಳಿ. ನನಗೆ ಬಹಳ ಇಷ್ಟವಾದದ್ದು ಕ್ಯಾರಮೆಲ್ ಮಾಲ್ಟಿನ ಜೋಡಿ. ತೊಡೆದೇವಿನ ಒಂದು ಚೂರು, ಪಕ್ಕದಲ್ಲಿ ಒಂದು ಚಮಚ ಜೋನಿಬೆಲ್ಲ. ತೊಡೆದೇವಿನದು ಕಬ್ಬಿನ ಹಾಲು ಕಾವಿಗೆ ಕೆಂಪಾದ ತೆಳ್ಳನೆ ಸಿಹಿ, ಜೋನಿಬೆಲ್ಲದ್ದು ಆಲೆಮನೆ ಕೊಪ್ಪರಿಗೆಯ ದಪ್ಪ ಸಿಹಿ. ಅಂಬರ್ ಏಲಿಗೂ ಗಾಢ ಏಲಿಗೂ ಇರುವ ಅಂತರ ಇದೇ. ಇದನ್ನು ಮೂಸಿದ ಮೇಲೆ “ಮಾಲ್ಟಿ” ಎಂದು ಬರೆಯುವುದನ್ನು ಎಲ್ಲರೂ ಬಿಟ್ಟರು. ಇಡೀ ಪೆಟ್ಟಿಗೆಗೆ ನನಗೆ ಬಿದ್ದ ಖರ್ಚು 300 ರೂಪಾಯಿ, ಡಬ್ಬಿಗಳದ್ದೇ ಅದರಲ್ಲಿ ಹೆಚ್ಚು. ಲವಂಗ ಎಷ್ಟು ಹೊತ್ತು ನೆನೆಯಬೇಕು, ಬೆಣ್ಣೆಯ ವಾಸನೆಯನ್ನು ಜಿಡ್ಡು ತೇಲದ ಹಾಗೆ ಬಿಯರಿಗೆ ಹೇಗೆ ಇಳಿಸಬೇಕು ಎಂಬ ಎರಡು ಗುಟ್ಟು ನನ್ನ ಹತ್ತಿರವೇ ಇರಲಿ. ಅವಕ್ಕೆ ನಾನು ಒಂದು ಮಳೆಗಾಲ ಪೂರ್ತಿ ಕೊಟ್ಟಿದ್ದೇನೆ.

ಪರೀಕ್ಷೆಗೆ ಮೂರು ಲೋಟದ ಆಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದು ಯಾವುದೆಂದು ಹೇಳಬೇಕು. ಗಾಜಿನ ಲೋಟದಲ್ಲಿ ಬಣ್ಣ ನೋಡಿ ಕಳ್ಳತನ ನಡೆಯುತ್ತಿತ್ತು, ಅದಕ್ಕೆ ಮನೆಯ ಸ್ಟೀಲ್ ಲೋಟವೇ ಬಂತು. ತಳಕ್ಕೆ ಅಂಕಿ ಬರೆದ ಚೀಟಿ ಅಂಟಿಸಿ, ಸುರಿಯುವವನು ಕೋಣೆಯಿಂದ ಹೊರಗೆ ಹೋಗುತ್ತಾನೆ. ಯಾಕೆಂದರೆ ಸುರಿದವನ ಮುಖವೂ ಉತ್ತರ ಹೇಳುತ್ತದೆ. ಒಂದು ಲೋಟಕ್ಕೆ 60 ಎಂಎಲ್ ಸಾಕು, ಒಂದು ಕೂಟಕ್ಕೆ ಆರು ಬಗೆ ಮಾತ್ರ. ಏಳನೆಯದರಿಂದ ಬರೆದದ್ದೆಲ್ಲ ಸುಳ್ಳು. ಮೊದಲ ತಿಂಗಳು ಹತ್ತಕ್ಕೆ ನಾಲ್ಕು ಸರಿ ಬಂದರೆ ಹೆಚ್ಚು. ಆರು ತಿಂಗಳಾದ ಮೇಲೆ ಏಳು, ನನಗೆ ಎಂಟು.

ನೊರೆಯ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಮೊದಲ ವರ್ಷ ಗೋಧಿ ಬಿಯರುಗಳಿಗೆಲ್ಲ ನಾವು ನೋಟದಲ್ಲಿ ಸೊನ್ನೆ ಹಾಕಿದ್ದೆವು, ನೊರೆ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ಕ್ಯಾನ್ ಹಳೆಯದು, ಸಾಗಾಟ ಸರಿಯಿಲ್ಲ ಎಂದು ಬರೆದೆವು. ವಿಚಿತ್ರವೆಂದರೆ ಅದೇ ಕ್ಯಾನಿನಿಂದ ಸುರಿದರೂ ನನ್ನ ಗ್ಲಾಸಿನಲ್ಲಿ ಮಾತ್ರ ನೊರೆ ನಿಲ್ಲುತ್ತಿತ್ತು. ನಾನು ಮೀನು ತಿನ್ನುವುದಿಲ್ಲ, ಬೇಯಿಸಿದ ಶೇಂಗಾ ತಿನ್ನುತ್ತಿದ್ದೆ. ಉಳಿದ ಐವರ ಮುಂದೆ ರವೆ ಹಚ್ಚಿ ಹುರಿದ ಬಂಗಡೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ನಿಂತವು, ಬಂಗಡೆ ತುಟ್ಟಿಯಾಯಿತು, ಎಲ್ಲರೂ ಒಣ ಮಂಡಕ್ಕಿಗೆ ಇಳಿದರು. ಆ ವಾರವೇ ಎಲ್ಲರ ಗ್ಲಾಸಿನಲ್ಲೂ ನೊರೆ ಎದ್ದು ನಿಂತಿತು! ತುಟಿಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ ಎಂದು ಎಲ್ಲರಿಗೂ ಓದಿ ಗೊತ್ತಿತ್ತು, ಹುರಿದ ಮೀನಿನ ಮುಂದೆ ನೆನಪಾಗಿರಲಿಲ್ಲ. ಆಗಸ್ಟಿನಲ್ಲಿ ಬೋಟು ಹೊರಟ ಮೇಲೂ ಕಟ್ಟಳೆ ಉಳಿಯಿತು: ಹಾಳೆ ಕೈಗೆ ಕೊಟ್ಟ ಮೇಲೆಯೇ ಬಂಗಡೆ. ಒಂದು ವರ್ಷದ ಗೋಧಿ ಬಿಯರುಗಳಿಗೆ ನಾವು ಮಾಡಿದ ಅನ್ಯಾಯ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅಷ್ಟನ್ನೂ ಮತ್ತೆ ಕೊಂಡು ಮತ್ತೆ ಅಂಕ ಹಾಕಿದೆವು, ಇನ್ನೊಂದು ನಾಲ್ಕು ಸಾವಿರ ಹೋಯಿತು.

ತಂಪಿನ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಲಾಗರಿಗೆ 6–7 ಡಿಗ್ರಿ, ಏಲಿಗೆ 10ರ ಹತ್ತಿರ ಎಂದು ನಾನು. ಫ್ರಿಜ್ಜಿನಿಂದ ತೆಗೆದು ಕಾಯುವುದೆಂದರೆ ಉಳಿದವರಿಗೆ ಶಿಕ್ಷೆ. ಏಪ್ರಿಲಿನಲ್ಲಿ ಹೆಚ್ಚು ಕಾಯಬೇಕಾಗಿಯೂ ಇಲ್ಲ, ಸ್ಟೀಲ್ ಲೋಟ ಐದು ನಿಮಿಷದಲ್ಲಿ ಬೆವರಿ ಮುಗಿಸುತ್ತದೆ.

ನಡುವೆ ಎರಡು ಅಡ್ಡದಾರಿ ಹಿಡಿದೆ. ಒಂದು, ಮುರುಗಲು. ಗೋಸೆ ಎಂಬ ಜರ್ಮನ್ ಹುಳಿ ಬಿಯರಿಗೆ ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರೆ. ನಮ್ಮಲ್ಲಿ ಗೋಕರ್ಣದ ಪಕ್ಕ ಸಾಣಿಕಟ್ಟೆಯ ಉಪ್ಪಿದೆ, ಸಿರಸಿಯ ಮನೆಮನೆಯಲ್ಲೂ ಒಣಗಿಸಿದ ಮುರುಗಲು ಸಿಪ್ಪೆ ಇದೆ. ಬರೀ ಗೋಧಿ ಬಿಯರಿನ ಗ್ಲಾಸಿಗೆ ಇವನ್ನು ಬೆರೆಸಿ ನೋಡಿದೆ. ಮೊದಲ ಸಲ ಅಂಗಡಿಯ ಸಿಪ್ಪೆ ತಂದಿದ್ದೆ, ಅದಕ್ಕೆ ಮೊದಲೇ ಉಪ್ಪು ಹಚ್ಚಿದ್ದರು, ಗ್ಲಾಸು ಸಮುದ್ರದ ನೀರಾಯಿತು. ಎರಡನೇ ಸಲ ಮನೆಯ ಉಪ್ಪಿಲ್ಲದ ಸಿಪ್ಪೆ, ಒಂದು ಗ್ಲಾಸಿಗೆ ಒಂದೇ ಎಸಳು, ನಾಲ್ಕೈದು ನಿಮಿಷ, ಸಾಣಿಕಟ್ಟೆ ಉಪ್ಪು ಎರಡು ಹರಳು. ಬಣ್ಣ ದಾಸವಾಳದ್ದು, ಹುಳಿ ನಾಲಿಗೆಯ ಬದಿಗೆ ಹೋಗಿ ಕೂರುತ್ತದೆ, ಕೊನೆಯಲ್ಲಿ ಸಣ್ಣ ಒಗರು. ಅಂಕದ ಹಾಳೆಗೆ ಇದು ಸೇರುವುದಿಲ್ಲ, ಆದರೆ ಇದನ್ನು ಯಾರಾದರೂ ಟ್ಯಾಂಕಿನಲ್ಲೇ ಮಾಡಿದರೆ ಮೊದಲ ಗಿರಾಕಿ ನಾನು.

ಇನ್ನೊಂದು ಬಿಸಿಲಿನದು. ಹಾಪ್ಸ್ ಜಾಸ್ತಿಯಿರುವ ಐಪಿಎಯನ್ನು (ಇಂಡಿಯಾ ಪೇಲ್ ಏಲ್) ಎರಡು ಬಿಳಿ ಗಾಜಿನ ಗ್ಲಾಸಿಗೆ ಸುರಿದು, ಒಂದನ್ನು ಒಳಗೂ ಒಂದನ್ನು ಮಾಳಿಗೆಯ ಬಿಸಿಲಿಗೂ ಇಟ್ಟೆ. ಹದಿನೈದು ನಿಮಿಷದಲ್ಲಿ ಹೊರಗಿನದಕ್ಕೆ ಮೂಗು ಹಿಂದೆ ಸರಿಯುವ ಗಬ್ಬು ಹಿಡಿಯಿತು. ಕಂದು ಬಾಟಲಿ, ಕ್ಯಾನ್ ಯಾಕೆ ಎಂದು ಹೊಸಬರಿಗೆ ಹೇಳುವ ಬದಲು ಈಗ ಇದನ್ನೇ ಮಾಡಿ ತೋರಿಸುತ್ತೇನೆ.

ಈಗಿನ ಹಾಳೆ 20 ಅಂಕದ್ದು. ವಾಸನೆ 6, ರುಚಿ 8, ಬಾಯಿಯ ಮೈ 3, ನೋಟ 1, “ಇನ್ನೊಂದು ಲೋಟ ಬೇಕಾ” ಎಂಬುದಕ್ಕೆ 2. ಅಂಕದ ಪಕ್ಕ ಒಂದೇ ಒಂದು ಕನ್ನಡ ಪದ ಬರೆಯಬೇಕು, ಆ ಪದದ ಡಬ್ಬಿ ನಮ್ಮ ಪೆಟ್ಟಿಗೆಯಲ್ಲಿ ಇರಲೇಬೇಕು. ಡಬ್ಬಿ ಇಲ್ಲದ ಪದಕ್ಕೆ ಅಂಕ ಇಲ್ಲ. ಮುಗ್ಗಲು, ಕಮಟು, ಘಾಟು, ಸೀದದ್ದು, ಹಳಸಲು: ಇಷ್ಟು ಚೊಕ್ಕ ಪದಗಳು ಮನೆಯಲ್ಲೇ ಇರುವಾಗ ಬೇರೆ ಯಾಕೆ? ಗೋವಾದ ಎಯ್ಟ್ ಫಿಂಗರ್ ಎಡ್ಡಿ ಐಪಿಎಗೆ ನಾಲ್ಕು ಕೂಟಗಳಲ್ಲಿ, ಹೆಸರು ಮುಚ್ಚಿಟ್ಟು, ನಮ್ಮ ಸರಾಸರಿ 15, 16, 15, 15 ಬಂದದ್ದು ನೆನಪು. ಹೋಲಿಸಲು ಇಡುವ ಕಿಂಗ್‌ಫಿಷರ್ ಯಾವಾಗಲೂ 10ರ ಆಜುಬಾಜು. ಇಷ್ಟು ಸ್ಥಿರವಾಗಿ ನಿಂತ ಅಂಕ ಮೊದಲ ವರ್ಷ ಕನಸಿನಲ್ಲೂ ಇರಲಿಲ್ಲ.

ಡಿಸೆಂಬರಿನ ಪರೀಕ್ಷೆಗೆ ಮತ್ತೆ ಬರುತ್ತೇನೆ. ಬೇರೆಯಾದ ಬ್ಯಾಚಿನ ಮುಂದೆ ಆರರಲ್ಲಿ ಐದು ಹಾಳೆ “ಬೆಣ್ಣೆ” ಎಂದಿತು. ಆರನೆಯವನು ಬರೆದದ್ದು “ಬೆಣ್ಣೆ ಬಿಸ್ಕತ್ತು”. ಬ್ರೂವರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗಿಯೇ ಹೇಳಿದರು: ವರ್ಷಾಂತ್ಯದ ಗಿರಾಕಿಗಳ ನೂಕು, ಟ್ಯಾಂಕ್ ಖಾಲಿ ಮಾಡಬೇಕಿತ್ತು, ಕೊನೆಗೆ ಎರಡು ಮೂರು ದಿನ ಬೆಚ್ಚಗೆ ಇಡುವುದನ್ನು ಬಿಟ್ಟು ನೇರ ತಂಪಿಗೆ ಇಳಿಸಿದ್ದರು. ಯೀಸ್ಟಿಗೆ ತಾನೇ ಮಾಡಿದ ಡೈಅಸಿಟೈಲನ್ನು ವಾಪಸು ತಿನ್ನಲು ಸಮಯ ಸಿಕ್ಕಿರಲಿಲ್ಲ. ಹೊರಡುವಾಗ ನಮ್ಮ ಡಬ್ಬಿ ಪೆಟ್ಟಿಗೆ ತೆರೆಸಿ ಒಂದೊಂದನ್ನೂ ಮೂಸಿದರು. ಚೊಗರಿನ ಹತ್ತಿರ ನಿಂತು ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಈ ಸುಗ್ಗಿಯಲ್ಲಿ ಅವರಿಗೂ ಒಂದು ಡಬ್ಬಿ ಕಳಿಸಿದ್ದೇನೆ.

ಸದ್ಯ ಕಾಣಕೋಣದ ಮಾಳಿಗೆಯಲ್ಲಿ ಒಂದೇ ದಿನಾಂಕದ ಎಂಟು ಕ್ಯಾನ್ ಇವೆ, ನಾಲ್ಕು ಫ್ರಿಜ್ಜಿನಲ್ಲಿ, ನಾಲ್ಕು ಕಪಾಟಿನಲ್ಲಿ. ನೆನೆದ ರಟ್ಟು ಎಷ್ಟನೇ ತಿಂಗಳಿಗೆ ಒಳಗೆ ಬರುತ್ತದೆ ಎಂದು ನೋಡಬೇಕು. ಕಪಾಟಿಗೆ ಬೀಗ ಹಾಕಿದೆ, ಕೀಲಿ ಮೀನು ತಿನ್ನದವನ ಹತ್ತಿರ ಇದೆ, ತೆರೆಯುವುದು ದಸರೆಗೆ.