ನಾಟಕಕ್ಕೆ ಹಾಡು ಕಟ್ಟುವ ಕೆಲಸ

ನಾನು ಹವ್ಯಾಸಿ ತಂಡಗಳಿಗೆ ಹಾಡು ಬರೆಯುತ್ತೇನೆ, ಧಾಟಿ ಹಾಕುತ್ತೇನೆ, ಪ್ರದರ್ಶನದ ದಿನ ಹಾರ್ಮೋನಿಯಂ ಹಿಡಿದು ಮೇಳದಲ್ಲಿ ಕೂರುತ್ತೇನೆ. ನಾಟಕ ಇಲ್ಲದಾಗ ಅವೇ ಹಾಡುಗಳನ್ನು ಇಟ್ಟುಕೊಂಡು ಚಿಕ್ಕ ಜಾಗಗಳಲ್ಲಿ ಒಬ್ಬನೇ ಹಾಡುತ್ತೇನೆ. ಗೆಳೆಯರು ಅದನ್ನು ಕ್ಯಾಬರೆ ಅನ್ನುತ್ತಾರೆ, ಅಂದರೆ ಜನರ ಹತ್ತಿರವೇ ನಿಂತು ಹಾಡು, ಮಾತು ಬೆರೆಸಿ ನಡೆಸುವ ಚಿಕ್ಕ ಕಾರ್ಯಕ್ರಮ. ಪೋಸ್ಟರಿನಲ್ಲಿ ಹಾಗೆ ಹಾಕಿದರೆ ಜನ ಹಳೇ ಸಿನಿಮಾದ ಕ್ಲಬ್ ಡ್ಯಾನ್ಸ್ ಅಂದುಕೊಳ್ಳುತ್ತಾರೆ, ಅದಕ್ಕೇ ಸುಮ್ನೆ 'ಹಾಡು-ಹರಟೆ' ಅಂತ ಹಾಕಿಸುತ್ತೇನೆ.

ಕಂಪನಿ ನಾಟಕದ ಕಾಲದಲ್ಲಿ ಹಾಡು ಹಿಡಿಸಿದರೆ ಒನ್ಸ್ ಮೋರ್ ಬೀಳುತ್ತಿತ್ತು. ಈಗ ಅದಿಲ್ಲ. ಹಾಡು ಒಂದೇ ಸಲ ಕಿವಿಗೆ ಬೀಳುತ್ತದೆ, ಅಷ್ಟರಲ್ಲೇ ಅರ್ಥವಾಗಬೇಕು. ಹಾಗಾಗಿ ಮೊದಲ ಓದಿಗೆ ನಾನು ಹಾರ್ಮೋನಿಯಂ ಒಯ್ಯುವುದಿಲ್ಲ. ಮಾತು ಎಲ್ಲಿ ಸಾಲದೆ ಹೋಗುತ್ತದೆ ಅಂತ ಕೇಳುತ್ತಾ ಕೂರುತ್ತೇನೆ. ಹಾಡು ಬೇಕಾಗುವುದು ಅಲ್ಲೇ. ಎಷ್ಟೋ ಸಲ ನಿರ್ದೇಶಕರು ಗುರುತು ಹಾಕಿದ ಜಾಗ ಬೇರೆಯೇ ಇರುತ್ತದೆ. ಆಗ ಸ್ವಲ್ಪ ಜಗಳ ಆಗುತ್ತದೆ.

ಆಮೇಲೆ ಶ್ರುತಿ. ಹಾರ್ಮೋನಿಯಂ ಕೀಲಿಗಳನ್ನು ಮನೆ ಅಂತ ಎಣಿಸುವ ಲೆಕ್ಕದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದೂವರೆ ಮನೆ, ಹೆಂಗಸರಿಗೆ ಐದೂವರೆ. ಇಬ್ಬರೂ ಸೇರಿ ಹಾಡುವ ಗುಂಪಿನ ಹಾಡಾದರೆ ಧಾಟಿಯನ್ನು ಐದಾರು ಸ್ವರದೊಳಗೇ ಮುಗಿಸುತ್ತೇನೆ. ತಾರಸ್ಥಾಯಿಯ, ಅಂದರೆ ಮೇಲಿನ ಎತ್ತರದ ಸ್ವರಗಳ, ಆಸೆ ಬಿಡಬೇಕು. ಕುಣಿದು ಬಂದ ನಟನಿಗೆ ಉಸಿರು ಉಳಿದಿರುವುದಿಲ್ಲ, ಅಲ್ಲಿ ಸಾಲು ಗಿಡ್ಡವಾಗಬೇಕು. ಇನ್ನೊಂದು, ಕನ್ನಡದಲ್ಲಿ ಹ್ರಸ್ವ ಅಕ್ಷರದ ಮೇಲೆ ರಾಗ ಎಳೆಯುವ ಹಾಗಿಲ್ಲ. 'ಬಿಡು' ಎಳೆದರೆ 'ಬೀಡು' ಆಗುತ್ತದೆ, 'ಕೊಡು' ಅನ್ನುವುದು 'ಕೋಡು'. ಎಳೆಯಬೇಕಾದ ಕಡೆ ದೀರ್ಘ ಸಿಗುವ ಹಾಗೆ ಸಾಲನ್ನೇ ತಿದ್ದಿಬಿಡುತ್ತೇನೆ. ಬರೆಯುವವನೂ ಹಾಡುವವನೂ ಒಬ್ಬನೇ ಆದರೆ ಇದೊಂದು ಅನುಕೂಲ.

ಈ ದಾರಿಯಲ್ಲಿ ನಮಗೆಲ್ಲ ದೊಡ್ಡವರು ರಂಗ ನಿರ್ದೇಶಕ ಬಿ.ವಿ. ಕಾರಂತರು. ಹುಡುಗರಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು, ಮುಂದೆ ಬನಾರಸ್‌ನಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತವರು. ಅಷ್ಟು ಸಂಗೀತ ಗೊತ್ತಿದ್ದರೂ ನಾಟಕದಲ್ಲಿ ಕಛೇರಿ ಮಾಡಲಿಲ್ಲ. ಗದ್ಯದ ಸಾಲಿಗೂ ಧಾಟಿ ಹಚ್ಚಿದರು, ಕೈಗೆ ಸಿಕ್ಕ ವಸ್ತುವಿನ ಸದ್ದನ್ನೂ ಸಂಗೀತಕ್ಕೆ ತಂದರು. ನಾನು ಅವರ ಶಿಷ್ಯ ಅಲ್ಲ. ಅವರ ರಂಗಗೀತೆಗಳನ್ನು ಹಾಡಿ ಹಾಡಿ ಕಲಿತದ್ದು, ಅಷ್ಟೇ.

ಒಬ್ಬನೇ ಹಾಡುವುದು ಬೇರೆಯೇ ಕಸುಬು. ಕಥೆ ಇಲ್ಲ, ಬೆಳಕಿನ ಆಟ ಇಲ್ಲ, ಮುಂದಿನ ಸಾಲಿನವರು ಕಾಫಿ ಕುಡಿಯುತ್ತಾ ಮುಖವನ್ನೇ ನೋಡುತ್ತಿರುತ್ತಾರೆ. ಹಾಗಾಗಿ ಹಾಡಿಗಿಂತ ಹಾಡುಗಳ ನಡುವಿನ ಮಾತನ್ನೇ ಜಾಸ್ತಿ ಅಭ್ಯಾಸ ಮಾಡುತ್ತೇನೆ. ಹಾಡುವ ಪಾತ್ರ ಯಾರು, ಈಗ ಯಾಕೆ ಹಾಡುತ್ತಿದೆ ಅನ್ನುವುದು ಎರಡು ವಾಕ್ಯದಲ್ಲಿ ಮುಗಿಯಬೇಕು. ಬರ್ಲಿನ್‌ನಲ್ಲಿ 1928ರ ಹೊತ್ತಿಗೆ ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತಗಾರ ಕರ್ಟ್ ವೈಲ್ ಕ್ಯಾಬರೆಯ ಗುಣವನ್ನು ನಾಟಕಕ್ಕೆ ತಂದಾಗ ಬಳಸಿದ ಒಂದು ಉಪಾಯ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಮಾತು ಕಹಿಯಾದರೆ ಧಾಟಿ ಸಿಹಿ ಇರಲಿ. ಬಾಡಿಗೆ ಕಟ್ಟಲಾಗದೆ ಊರು ಬಿಡುವವನ ಹಾಡಿಗೆ ನಾನು ಹಾಕಿದ್ದು ಜೋಗುಳದ ಧಾಟಿ. ಜನ ಮೊದಲು ತಲೆದೂಗುತ್ತಾರೆ. ಮೂರನೇ ಸಾಲಿಗೆ ತೂಗುವುದು ನಿಲ್ಲುತ್ತದೆ.

ದುಡ್ಡಿನ ವಿಷಯ. ಹವ್ಯಾಸಿ ತಂಡ ಕೊಡುವುದು ಓಡಾಟಕ್ಕೆ ಸರಿಹೋಗುತ್ತದೆ. ಮನೆ ನಡೆಯುವುದು ಏಪ್ರಿಲ್-ಮೇ ತಿಂಗಳ ಮಕ್ಕಳ ಶಿಬಿರ ಮತ್ತು ಕಾಲೇಜು ನಾಟಕ ಸ್ಪರ್ಧೆಗಳಿಂದ. ತಾಲೀಮು ಶುರುವಾಗುವ ಮುಂಚೆ ತಂಡದ ಕೈಗೆ ಒಂದು ಪುಟದ ಕಾಗದ ಕೊಡುತ್ತೇನೆ: ಸಾಹಿತ್ಯ, ಸಂಗೀತ ನನ್ನದು, ಈ ನಾಟಕದ ಎಷ್ಟು ಪ್ರದರ್ಶನಕ್ಕಾದರೂ ಬಳಸಿ, ರೆಕಾರ್ಡ್ ಮಾಡಿ ಹೊರಗೆ ಬಿಡುವುದಾದರೆ ಕೇಳಿ. ಸ್ನೇಹಿತರ ತಂಡಕ್ಕೆ ಇದನ್ನು ಕೊಡುವುದು ಮುಜುಗರವೇ. ಆದರೂ ಸಹಿ ಹಾಕಿಸಿಕೊಳ್ಳುತ್ತೇನೆ. ಹೀಗೆ ಮಾಡಿದರೆ ಆ ಹಾಡುಗಳನ್ನು ನಾನು ಒಬ್ಬನೇ ಹಾಡುವಾಗ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.