ಹದಿನಾರು ಜನರ ಕಷ್ಟ-ಸುಖದ ಗುಂಪು: ನನ್ನ ಅನುಭವ

ನಾನು ಮಾಡಿದ ಮೂರು ವಾಟ್ಸಾಪ್ ಗುಂಪು ಮುಚ್ಚಿಹೋದ ಮೇಲೆ ನಾಲ್ಕನೆಯದು ಉಳಿದುಕೊಂಡಿದೆ. ಮೂರು ವರ್ಷ ದಾಟಿತು. ಹದಿನಾರು ಜನ ಹೆಂಗಸರಿದ್ದೇವೆ. ಕೊಟ್ಟಿಗೆಹಾರ, ಸಕಲೇಶಪುರ, ಆಲೂರು, ಹಾಸನ, ಅರಸೀಕೆರೆ, ಕಡೂರು, ಹೀಗೆ ಎರಡು ಜಿಲ್ಲೆಯ ಮೂಲೆಮೂಲೆಯವರು. ಅರ್ಧಕ್ಕಿಂತ ಜಾಸ್ತಿ ಜನ ಒಬ್ಬರ ಮುಖ ಒಬ್ಬರು ನೋಡಿರುವುದು ಫೋನಿನ ಫೋಟೋದಲ್ಲಿ ಮಾತ್ರ. ದಿನಾ ಸಂಜೆ ಅವತ್ತಿನ ಚಿಂತೆ, ಸಣ್ಣಪುಟ್ಟ ಸುದ್ದಿ ಹೇಳಿಕೊಳ್ಳುತ್ತೇವೆ. ಅಷ್ಟೇ ಕೆಲಸ.

ಇದು ನಡೆಯುವುದಿಲ್ಲ ಅಂತ ಹೇಳದವರೇ ಇಲ್ಲ. ನಮ್ಮ ಭಾವ, "ಮುಖ ನೋಡದವರ ಹತ್ರ ಮನೆ ಕಷ್ಟ ಹೇಳ್ಕೊಂಡ್ರೆ ಏನಮ್ಮ ಸಿಗುತ್ತೆ?" ಅಂದರು. ದೊಡ್ಡ ಗುಂಪು ನಡೆಸುವ ಪರಿಚಯದವರೊಬ್ಬರು, ಫಾರ್ವರ್ಡ್ ಬೇಡ ಅಂದರೆ ಮೂರು ತಿಂಗಳಲ್ಲಿ ಗುಂಪು ತಣ್ಣಗಾಗುತ್ತೆ ಅಂತ ಷರಾ ಬರೆದುಬಿಟ್ಟರು. 2022ರಲ್ಲಿ ವಾಟ್ಸಾಪ್ ಗುಂಪಿನ ಮಿತಿ 256ರಿಂದ 512 ಆಯಿತು, ಅದೇ ವರ್ಷ 1024ಕ್ಕೂ ಏರಿತು. ಆಗ ಅವರು ಜನ ಸೇರಿಸುತ್ತಾ ಹೋದರು. ನಾನು ಅದೇ ವರ್ಷ ಹದಿನಾರಕ್ಕೆ ನಿಲ್ಲಿಸಿದೆ. ಈಗ ಅವರ ಗುಂಪಿನಲ್ಲಿ ಅಡ್ಮಿನ್ ಬಿಟ್ಟರೆ ಮಾತಾಡುವವರಿಲ್ಲ. ಅವರೇ ಫೋನ್ ಮಾಡಿ, "ನೀವು ಹೆಂಗೆ ನಡೆಸ್ತಿದ್ದೀರಾ, ಸ್ವಲ್ಪ ಹೇಳಿ" ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮುಚ್ಚಿದ ಮೂರರ ಕಥೆ. ಮೊದಲನೆಯದರಲ್ಲಿ ಇನ್ನೂರರ ಹತ್ತಿರ ಜನ ಇದ್ದರು. ಲಿಂಕ್ ಕೊಟ್ಟಿದ್ದೆ, ಯಾರು ಬೇಕಾದರೂ ಬರುತ್ತಿದ್ದರು. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ರಾತ್ರಿ ದೀಪದ ಶುಭರಾತ್ರಿ. ಮಧ್ಯದಲ್ಲಿ ಯಾರೋ ಪಾಪ, "ಮಗುವಿಗೆ ಮೂರು ದಿನದಿಂದ ಜ್ವರ" ಅಂತ ಬರೆದರೆ, ಅದರ ಮೇಲೆ ಹತ್ತು ಹೂವು ಬಿದ್ದು ಅದು ಕಾಣದೇ ಹೋಗುತ್ತಿತ್ತು. 2019ರ ಲೋಕಸಭೆ ಚುನಾವಣೆ ಬಂತು. ಹಾಸನದ ಕಡೆಯ ಗುಂಪು ಅಂದಮೇಲೆ ಹೇಳಬೇಕಾ? ಜಗಳ ಶುರುವಾಗಿ ವಾರದಲ್ಲಿ ನಲವತ್ತು ಜನ ಹೊರಗೆ. ಅದರ ಮೇಲೆ ಲಿಂಕಿನಿಂದ ಬಂದ ಒಬ್ಬಾಕೆ ಗಂಡನಿಗೆ ಆಪರೇಷನ್ ಅಂತ ಅತ್ತುಕೊಂಡು ಸಾಲ ಕೇಳಿದಳು. ಇಬ್ಬರು ಸೇರಿ ಎಂಟು ಸಾವಿರದಷ್ಟು ಹಾಕಿದರು. ಮಾರನೇ ದಿನ ಆ ನಂಬರ್ ಸ್ವಿಚ್ ಆಫ್. ದುಡ್ಡು ಇವತ್ತಿಗೂ ಬಂದಿಲ್ಲ.

ಎರಡನೆಯದು ಲಾಕ್‌ಡೌನ್ ಸಮಯದ್ದು. ವಾರಕ್ಕೆರಡು ಸಲ ವಿಡಿಯೋದಲ್ಲಿ ಸೇರೋಣ ಅಂತ. ನಮ್ಮ ಕೊಟ್ಟಿಗೆಹಾರದ ಮಳೆಗೆ ನೆಟ್‌ವರ್ಕ್ ನಿಲ್ಲುವುದು ಕಷ್ಟ, ಅದು ಬಿಡಿ. ನಿಜವಾದ ತೊಂದರೆ ಬೇರೆ. ವಿಡಿಯೋ ಅಂದ ಕೂಡಲೇ ಎಲ್ಲರೂ ಹಾಲ್ ಗುಡಿಸಿ, ಸೀರೆ ಬದಲಿಸಿ, ಪೌಡರ್ ಹಚ್ಚಿ ಕೂರುತ್ತಿದ್ದರು. ಹಾಗೆ ಕೂತ ಮೇಲೆ ಯಾರಿಗೆ ಕಷ್ಟ ಹೇಳೋಕೆ ಬಾಯಿ ಬರುತ್ತೆ? "ಎಲ್ಲ ಚೆನ್ನಾಗಿದೀವಿ, ನೀವು?" ಇಷ್ಟೇ. ನಾಲ್ಕೈದು ತಿಂಗಳಿಗೆ ನಿಂತಿತು. ಮೂರನೆಯದರಲ್ಲಿ ದಿನಕ್ಕೊಂದು ವಿಷಯ ಕೊಟ್ಟೆ. ಸೋಮವಾರ ಮಕ್ಕಳು, ಮಂಗಳವಾರ ಅಡುಗೆ. ಚೆನ್ನಾಗಿ ಬರೆಯುವ ಇಬ್ಬರು ಉದ್ದುದ್ದ ಬರೆದರು, ಉಳಿದವರು ಓದಿ ಸುಮ್ನಾದರು.

ಈಗಿನ ಗುಂಪಿನಲ್ಲಿ ಬರವಣಿಗೆ ಇಲ್ಲ, ಬರೀ ಧ್ವನಿ. ಸಂಜೆ ಆರರಿಂದ ಒಂಬತ್ತರೊಳಗೆ ವಾಯ್ಸ್ ಮೆಸೇಜ್. ಎರಡು ನಿಮಿಷದೊಳಗೆ ಇದ್ದರೆ ಒಳ್ಳೆಯದು. ಕಣ್ಣೀರು ಬಂದವರಿಗೆ ಈ ಲೆಕ್ಕ ಇಲ್ಲ. ಎರಡರ ವೇಗದಲ್ಲಿ ಓಡಿಸಿ ಕೇಳಬಾರದು. ಕೇಳಿದರೆ ಯಾರಿಗೂ ಗೊತ್ತಾಗೋದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ ಅಂತ ನನಗೆ ನಂಬಿಕೆ ಇದೆ. ಯಾಕಂದರೆ "ಅಕ್ಕ, ನಿಮ್ಮ ದನಿ ಯಾಕೋ ಇವತ್ತು ಕಟ್ಟಿದೆ" ಅಂತ ವೇಗವಾಗಿ ಕೇಳಿದವರು ಹೇಳಲಾರರು.

ಧ್ವನಿ ಅಂದ ತಕ್ಷಣ ಇನ್ನೊಂದು ತೊಡಕು ಬಂತು. ಅಡುಗೆಮನೆಯಲ್ಲಿ ನಿಂತು ಮೆಸೇಜ್ ಹಾಕಿ ಕೇಳಿದರೆ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳುತ್ತದೆ. ಅತ್ತೆ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುವಾಗ ಇನ್ನೊಬ್ಬಳು ಅತ್ತೆ ಬಗ್ಗೆ ಹೇಳಿಕೊಂಡದ್ದನ್ನು ಕೇಳಿಸಿಕೊಳ್ಳೋಕಾಗುತ್ತಾ? ಮೊದಲ ತಿಂಗಳು ಅರ್ಧ ಜನ ಬೇರೆಯವರ ಮೆಸೇಜ್ ತೆರೆಯುತ್ತಲೇ ಇರಲಿಲ್ಲ. ಮೆಸೇಜ್ ಇನ್ಫೋ ಒತ್ತಿ ನೋಡಿದರೆ ಓದಿದವರ ಪಟ್ಟಿ ಉದ್ದ, ಕೇಳಿದವರ ಪಟ್ಟಿಯಲ್ಲಿ ಮೂರೇ ಹೆಸರು. ನಾನು ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಹೋಗಿ ವೈರಿನ ಇಯರ್‌ಫೋನ್ ಒಟ್ಟಿಗೆ ತಗೊಂಡೆ. ಒಂದಕ್ಕೆ ನೂರೈವತ್ತು ಹೇಳಿದ್ದ, ಚೌಕಾಸಿ ಮಾಡಿ ನೂರಹತ್ತಕ್ಕೋ ನೂರಿಪ್ಪತ್ತಕ್ಕೋ ಇಳಿಸಿದೆ. ಹೆಚ್ಚುಕಮ್ಮಿ ಎರಡು ಸಾವಿರ ಆಯಿತು. ಅದು ಆ ವರ್ಷದ ಮೆಣಸು ಮಾರಿದ ದುಡ್ಡು. ನಮ್ಮನೆಯವರು, "ಇದೇನು ಹೊಸ ಖರ್ಚು?" ಅಂದರು. ಪೋಸ್ಟಿನಲ್ಲಿ ಎಲ್ಲರಿಗೂ ಕಳಿಸಿದೆ. ಮುಂದಿನ ವಾರದಿಂದ ಕೇಳಿದವರ ಪಟ್ಟಿ ತುಂಬತೊಡಗಿತು. ಈ ಪದ್ಧತಿಗೆ ಹಾಕಿದ ದುಡ್ಡಿನಲ್ಲಿ ಇದರಷ್ಟು ದುಡಿದದ್ದು ಬೇರೆ ಇಲ್ಲ. ಈಗ ಒಬ್ಬಳು ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕೇಳುತ್ತಾಳೆ, ಒಬ್ಬಳು ತಾರಸಿ ಮೇಲೆ ಬಟ್ಟೆ ತೆಗೆಯುವಾಗ.

ಇನ್ನು ಮುಖ್ಯ ವಿಷಯ. ಅರವತ್ತು ರೂಪಾಯಿಯ ಒಂದು ನೋಟ್‌ಬುಕ್. ದಿನಾ ರಾತ್ರಿ ಊಟ ಆದಮೇಲೆ ಎಲ್ಲರ ಮಾತು ಇನ್ನೊಮ್ಮೆ ಕೇಳಿ ಒಂದೊಂದು ಸಾಲು ಗುರುತು ಹಾಕಿಕೊಳ್ಳುತ್ತೇನೆ. "ಅರಸೀಕೆರೆ: ಕಾಯಿ ಕೀಳುವವನು ಬಂದಿಲ್ಲ, ಶುಕ್ರವಾರ ಬರ್ತೀನಿ ಅಂದಿದಾನೆ." "ಆಲೂರು: ಬಿತ್ತನೆ ಆಲೂಗಡ್ಡೆ ತಂದಾಯ್ತು, ಮಳೆ ಇಲ್ಲ." "ಹಾಸನ: ಮಿಕ್ಸಿ ಜಾರ್ ರಿಪೇರಿಗೆ ಕೊಟ್ಟಿದಾಳೆ." ಆಮೇಲೆ ಆಯಾ ದಿನಕ್ಕೆ ಸರಿಯಾಗಿ ಹೆಸರು ಹಿಡಿದು ಕೇಳುತ್ತೇನೆ. ಕಾಯಿ ಕಿತ್ತಾಯ್ತಾ? ಹದ ಮಳೆ ಬಂತಾ? ಜಾರ್ ಬಂತಾ? ಇಡೀ ಪದ್ಧತಿ ಇದರ ಮೇಲೇ ನಿಂತಿದೆ. ಹೇಳಿಕೊಳ್ಳೋಕೆ ಜಾಗ ಕೊಟ್ಟರೆ ಜನ ಹೇಳಿಕೊಳ್ಳುತ್ತಾರೆ ಅಂತ ಮೂರು ಗುಂಪು ನಡೆಸಿದೆ. ಆದರೆ ನಿನ್ನೆ ಹೇಳಿದ್ದರ ಬಗ್ಗೆ ಇವತ್ತು ಯಾರಾದರೂ ವಿಚಾರಿಸಿದರೆ ಮಾತ್ರ ನಾಳೆಯೂ ಹೇಳುತ್ತಾರೆ.

ಆ ಮಿಕ್ಸಿ ಜಾರನ್ನೇ ತಗೊಳ್ಳಿ. ಹಾಸನದಲ್ಲಿ ಬ್ಲೌಸ್ ಹೊಲಿಯುವ ಹುಡುಗಿ ಅವಳು. ಸೇರಿ ಐದಾರು ತಿಂಗಳಾದರೂ ಅವಳಿಂದ ಬರುತ್ತಿದ್ದದ್ದು ಜಾರು, ಫಾಲ್ಸು, ಕರೆಂಟು, ಇಷ್ಟೇ. ಎಲ್ಲವನ್ನೂ ನಾವು ಮರುದಿನ ಕೇಳುತ್ತಿದ್ದೆವು. ಒಂದು ಸಂಜೆ ನಾಲ್ಕು ನಿಮಿಷದ ಮೆಸೇಜ್ ಬಂತು. ಮೊದಲ ಅರ್ಧ ನಿಮಿಷ ಬರೀ ಹೊಲಿಗೆ ಯಂತ್ರದ ಸದ್ದು. ಮನೆಯವರಿಗೆ ಕೇಳಿಸಬಾರದು ಅಂತ ಕಾಲಿನಲ್ಲಿ ಪೆಡಲ್ ತುಳಿಯುತ್ತಾ ಮಾತಾಡಿದ್ದಾಳೆ. ಎದೆಯಲ್ಲಿ ಗಂಟು ಸಿಕ್ಕಿ ಎರಡು ತಿಂಗಳಾಗಿದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ, ತೋರಿಸೋಕೆ ಭಯ. ಆ ರಾತ್ರಿ ಯಾರೂ ಮಲಗಲಿಲ್ಲ. ಮೂರನೇ ದಿನ ಅರಸೀಕೆರೆಯಾಕೆ ಬೆಳಗಿನ ರೈಲು ಹತ್ತಿ ಹಾಸನಕ್ಕೆ ಹೋದರು. ಅಲ್ಲಿಯತನಕ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಇಬ್ಬರೂ ಸೇರಿ ಆಸ್ಪತ್ರೆಯಲ್ಲಿ ಸೂಜಿ ಪರೀಕ್ಷೆ ಮಾಡಿಸಿದರು. ರಿಪೋರ್ಟಿಗೆ ಒಂದು ವಾರ. ಆ ವಾರ ನನ್ನ ನೋಟ್‌ಬುಕ್ಕಿನಲ್ಲಿ ದಿನಾ ಅವಳದೇ ಮೊದಲ ಸಾಲು. ಕೆಟ್ಟ ಗಂಟಲ್ಲ ಅಂತ ಬಂತು. ಎಲ್ಲರೂ ಅತ್ತೆವು. ಈಗ ಭಾವ ಬಂದು ಕೇಳಲಿ, ಮುಖ ನೋಡದವರಿಂದ ಏನು ಸಿಗುತ್ತೆ ಅಂತ.

ನಾನು ಕಟ್ಟುನಿಟ್ಟಾಗಿ ನಿಲ್ಲಿಸಿದ ಮಾತೊಂದಿದೆ: "ನಮ್ಮನೇಲೂ ಅದೇ ಕಥೆ." ಕೇಳೋಕೆ ಸಮಾಧಾನದ ಮಾತೇ, ಅಲ್ವಾ? ಆದರೆ ಅದು ಬಂದ ಮೇಲೆ ಮೊದಲು ಹೇಳಿದವಳ ಕಷ್ಟ ಅಲ್ಲಿಗೇ ನಿಲ್ಲುತ್ತದೆ, ಮಾತು ಎರಡನೆಯವಳ ಮನೆಗೆ ಹೋಗುತ್ತದೆ. ನಮ್ಮ ಗುಂಪಿನಲ್ಲಿ ಇದು ಬೇಗ ಬೆಳೆಯುವ ರೋಗ. ಯಾಕಂದರೆ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಕೊಟ್ಟಿಗೆಹಾರದಲ್ಲಿ ಮಳೆ ಬಿಡದೆ ಕಾಫಿಗೆ ಕೊಳೆ ಬಂತು ಅಂದರೆ, ಕಡೂರಿನಾಕೆ "ನಿಮಗಾದರೂ ನೀರಿದೆ, ನಮ್ಮ ಬೋರ್ ಬತ್ತಿದೆ" ಅನ್ನುತ್ತಿದ್ದರು. ಹೇಳಿದ ಮಲೆನಾಡಿನವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಮೊದಲು ಆಕೆಗೆ ಒಂದು ಪ್ರಶ್ನೆ ಕೇಳಬೇಕು, ಅವಳು ಉತ್ತರ ಕೊಟ್ಟ ಮೇಲೆ ನಿಮ್ಮದು ಹೇಳಿ ಅಂತ ನಿಯಮ ಮಾಡಿದೆ. ಕೇಳದೆ ಸಲಹೆ ಕೊಡುವುದೂ ಬೇಡ. ಕಷಾಯದ ಸಲಹೆಗಂತೂ ಪೂರ್ತಿ ನಿಷೇಧ.

ಸುಮ್ಮನಿರುವವರನ್ನು ಮಾತಾಡಿಸುವುದು ಹೇಗೆ ಅಂತ ಎಲ್ಲ ಅಡ್ಮಿನ್‌ಗಳೂ ಕೇಳುತ್ತಾರೆ. ನನ್ನ ಹತ್ತಿರ ಎರಡು ಉಪಾಯ ಇವೆ. ಒಂದನ್ನು ಹೇಳುತ್ತೇನೆ: ಮಳೆ ಲೆಕ್ಕ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರಲ್ಲ, ನೂರು ಸೆಂಟಿಗೆ ಒಂದು ಇಂಚು. ಏನೂ ಹೇಳೋಕಿಲ್ಲ ಅನ್ನುವವರು ಮಳೆ ಲೆಕ್ಕ ಹೇಳಿದರೆ ಸಾಕು ಅಂದೆ. "ಇವತ್ತು ಎರಡು ಇಂಚು ನಲವತ್ತು ಸೆಂಟು" ಅಂತ ಶುರು ಮಾಡಿದವರು, "ಕಣದಲ್ಲಿ ನೀರು ನಿಂತಿದೆ, ಇವರು ಬೆಳಗಿಂದ ಮಾತಾಡಿಲ್ಲ" ಅಂತ ತಾವೇ ಮುಂದಕ್ಕೆ ಹೋಗುತ್ತಾರೆ. ಮಾರ್ಚಿನಲ್ಲಿ ರೋಬಸ್ಟಾ ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಕಾಯುವಾಗ ಇದು ಬಹಳ ಕೆಲಸ ಮಾಡುತ್ತದೆ. ಕಡೂರಿನವರಿಗೆ ಮಳೆ ಬದಲು ನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು ಅಂತ ಲೆಕ್ಕ. ಎರಡನೇ ಉಪಾಯ ಇಲ್ಲಿ ಬರೆಯೋದಿಲ್ಲ. ನಮ್ಮ ಗುಂಪಿನವರೇ ಓದಿಬಿಟ್ಟರೆ ನಾಳೆಯಿಂದ ಅದು ನಡೆಯೋದಿಲ್ಲ.

ಏಳು ದಿನಕ್ಕೆ ಮೆಸೇಜ್ ತಾನೇ ಅಳಿಸಿಹೋಗುವ ಸೆಟ್ಟಿಂಗ್ ಹಾಕಿದ್ದೇನೆ. ಫೋನ್ ಮಗನ ಕೈಗೋ ಗಂಡನ ಕೈಗೋ ಹೋಗುವ ಮನೆಗಳಲ್ಲಿ ಇದು ಬೇಕೇ ಬೇಕು. ನನ್ನ ನೋಟ್‌ಬುಕ್ಕಿನಲ್ಲೂ ಹೆಸರಿಲ್ಲ, ಊರು ಮಾತ್ರ. ದೊಡ್ಡ ಗುಟ್ಟುಗಳಿಗೆ ನನಗಷ್ಟೇ ಅರ್ಥವಾಗುವ ಗುರುತು. ಕಾಫಿ ರೇಟಿಗೆ ಗುಂಪಿನಲ್ಲಿ ಜಾಗ ಇಲ್ಲ. ರೇಟು ಮೇಲಕ್ಕೆ ಹೋದ ವರ್ಷ ದಿನಕ್ಕೆ ಹತ್ತು ಸಲ ಅದೇ ಬರತೊಡಗಿತು, ಬೇರೆ ಗುಂಪಿಗೆ ಸಾಗಿಸಿದೆ. ಬೇಸರ, ಭಯ ನಮ್ಮ ಕೈ ಮೀರಿದೆ ಅನ್ನಿಸಿದರೆ ಅದಕ್ಕೆ ಟೆಲಿ ಮಾನಸ್ ನಂಬರ್ 14416 ಎಲ್ಲರಿಗೂ ಕೊಟ್ಟಿದ್ದೇನೆ. 2022ರಲ್ಲಿ ಶುರುವಾದ, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಬ್ಬರು ಮಾಡಿದ್ದಾರೆ, ಅದರಲ್ಲಿ ಒಬ್ಬರಿಗೆ ನಾನೇ ನಂಬರ್ ಒತ್ತಿಕೊಟ್ಟೆ.

ದುಡ್ಡಿನ ಮಾತಿಗೆ ಬರುತ್ತೇನೆ. 2024ರ ಜುಲೈನಲ್ಲಿ ರೀಚಾರ್ಜ್ ದರ ಏರಿತಲ್ಲ, 28 ದಿನಕ್ಕೆ 239 ಇದ್ದದ್ದು 299 ಆಯಿತು. ಅರವತ್ತು ರೂಪಾಯಿ ಏನು ಮಹಾ ಅನ್ನಬೇಡಿ. ಕಡೂರಿನ ಕಡೆಯ ಒಬ್ಬರು ಹತ್ತು ಹನ್ನೆರಡು ದಿನ ಕಾಣಲೇ ಇಲ್ಲ. ಬೇರೆಯಾಗಿ ಮೆಸೇಜ್ ಹಾಕಿದರೆ ಒಂದೇ ಬೂದು ಟಿಕ್. ಮುನಿಸಿಕೊಂಡಿದ್ದಾರೆ ಅಂತ ಕೆಲವರು ಅಂದುಕೊಂಡರು. ಪಕ್ಕದ ಮನೆಯವರ ಫೋನಿಗೆ ಮಾಡಿದಾಗ ಗೊತ್ತಾಯಿತು, ಕರೆನ್ಸಿ ಹಾಕಿಸಿಲ್ಲ, ಆ ದುಡ್ಡು ಮಗಳ ಕಾಲೇಜಿನ ಖರ್ಚಿಗೆ ಹೋಗಿದೆ. ಆವತ್ತಿನಿಂದ ತಿಂಗಳಿಗೆ ತಲೆಗೆ ಮೂವತ್ತು ರೂಪಾಯಿ ಎತ್ತುತ್ತೇವೆ. ಐನೂರರ ಹತ್ತಿರ ಆಗುತ್ತದೆ. ಯಾರಿಗೆ ರೀಚಾರ್ಜ್ ಹಾಕಿಸಿದೆ ಅಂತ ನನಗೂ ಆಲೂರಿನವರಿಗೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗೋದಿಲ್ಲ. ಲೆಕ್ಕ ಮಾತ್ರ ವರ್ಷಕ್ಕೊಮ್ಮೆ ಓದುತ್ತೇನೆ. ಒಬ್ಬರಿಂದೊಬ್ಬರು ಸಾಲ ಕೇಳುವಂತಿಲ್ಲ. ಆ ಎಂಟು ಸಾವಿರದ ಪಾಠ ಮರೆತಿಲ್ಲ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆವು. ಬರೀ ಮಾತಲ್ಲಿ ಯಾಕೆ, ಬೆಳೆದದ್ದನ್ನೂ ಹಂಚಿಕೊಳ್ಳೋಣ ಅಂತ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದೆವು. ಅರಸೀಕೆರೆ ತೆಂಗಿನಕಾಯಿ, ಆಲೂರಿನ ಆಲೂಗಡ್ಡೆ ಚೆನ್ನಾಗಿ ತಲುಪಿದವು. ನಾನು ಹೆಚ್ಚಿ ನೀರಲ್ಲಿ ನೆನೆಸಿ ಕಳಿಸಿದ ಕಳಲೆ (ಎಳೆ ಬಿದಿರು) ಎರಡು ದಿನ ಬಸ್‌ಸ್ಟ್ಯಾಂಡಿನಲ್ಲೇ ಕೂತು ಹುಳಿ ನಾತ ಹೊಡೆಯಿತು. ಕಳಿಸುವ ಖರ್ಚೂ ಮಾಲಿಗಿಂತ ಜಾಸ್ತಿ. ಬಿಟ್ಟೆವು. ಗಂಡಸರಿಗೂ ಇಂಥದ್ದೊಂದು ಗುಂಪು ಮಾಡಿ ನೋಡಿದೆ, ನಮ್ಮನೆಯವರನ್ನೇ ಅಡ್ಮಿನ್ ಮಾಡಿ. ಮೊದಲ ವಾರ ರೇಟು, ಎರಡನೇ ವಾರ ಕ್ರಿಕೆಟ್, ಮೂರನೇ ವಾರಕ್ಕೆ ಆನೆ. ಆದರೆ ಆನೆ ಮಾತಿನಲ್ಲಿ ಒಂದು ಸಂಗತಿ ಗಮನಿಸಿದೆ. ಸಕಲೇಶಪುರದವರೊಬ್ಬರು ಗದ್ದೆಗೆ ಆನೆ ಬಂದ ರಾತ್ರಿ ತಮಗೆ ಕೈ ನಡುಗಿದ್ದನ್ನು ಹೇಳಿದರು. ಹೆಂಡತಿಗೂ ಹೇಳಿರಲಿಲ್ಲವಂತೆ. ಅಂದರೆ ಗಂಡಸರಿಗೆ ಮಳೆ ಲೆಕ್ಕದ ಬದಲು ಆನೆ ಲೆಕ್ಕ ಬೇಕೇನೋ. ಕೊಯ್ಲು ಮುಗಿದ ಮೇಲೆ ಮತ್ತೆ ಶುರು ಮಾಡಿಸುತ್ತೇನೆ.

ಸದ್ಯಕ್ಕೆ ನನ್ನ ತಲೆಯಲ್ಲಿರುವುದು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಕರೆಂಟು ಮೂರ್ನಾಲ್ಕು ದಿನ ಹೋಗುತ್ತದೆ, ಅದರ ಹಿಂದೆ ಟವರೂ. ಹೋದ ವರ್ಷ ಪವರ್ ಬ್ಯಾಂಕ್ ತಗೊಂಡೆವು, ಒಂಬೈನೂರರ ಆಸುಪಾಸಿನ ಐದು. ಫೋನ್ ಉಳಿಯಿತು, ನೆಟ್ ಇಲ್ಲ. ಈ ಸಲ ಜೋಡಿ ಮಾಡಿದ್ದೇನೆ: ಮಲೆನಾಡಿನ ಒಬ್ಬರಿಗೆ ಬಯಲುಸೀಮೆಯ ಒಬ್ಬರು. ನೆಟ್ ಹೋದ ದಿನ ಸಾದಾ ಕಾಲ್ ಸಿಕ್ಕಾಗ ಎರಡು ನಿಮಿಷ ಮಾತಾಡಿ, ಆ ಸುದ್ದಿಯನ್ನು ಜೋಡಿಯವರು ಗುಂಪಿಗೆ ಹಾಕಬೇಕು. ಸಕಲೇಶಪುರ ಕಡೆಯ ಹೆತ್ತೂರಿನವರಿಗೆ ಅರಸೀಕೆರೆ, ಆಲೂರಿಗೆ ಹಾಸನ, ನನಗೆ ಕಡೂರು. ನೋಟ್‌ಬುಕ್ಕಿನ ಆ ತಿಂಗಳ ಪುಟಗಳನ್ನು ಹಾಸನದ ಹುಡುಗಿ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ಅವಳಿಗೂ ಒಂದು ನೋಟ್‌ಬುಕ್ ಕಳಿಸಿದ್ದೇನೆ.