ಒಂದು ಬೈಕ್ ಕಳ್ಳತನ ಇಟ್ಕೊಂಡು ಅಪರಾಧಶಾಸ್ತ್ರ ಓದುವುದು ಹೇಗೆ

ಅಪರಾಧಶಾಸ್ತ್ರ ಓದಲು ಕೂತವರು ಮೊದಲು ಮಾಡುವುದೇ ಹೆಸರು, ಇಸವಿ ಉರು ಹೊಡೆಯುವ ಕೆಲಸ. ಪರೀಕ್ಷೆ ಹಾಲ್‌ಗೆ ಹೋದ ಮೇಲೆ ಎಲ್ಲ ಕಲಸುಮೇಲೋಗರ. ಅದು ಬೇಡ. ಒಂದು ಘಟನೆ ಹಿಡಿದುಕೊಳ್ಳಿ: ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಬೆಳಿಗ್ಗೆ ಇಲ್ಲ. ಓದುವ ಪ್ರತಿ ಸಿದ್ಧಾಂತಕ್ಕೂ ಇದೇ ಬೈಕ್ ತೋರಿಸಿ, "ಇದಕ್ಕೇನಂತೀಯಾ?" ಅಂತ ಕೇಳಿ.

ಮೊದಲು, ಇದು ಅಪರಾಧವೇ ಅಂತ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕಳ್ಳತನದ್ದು. ಅದಕ್ಕೆ ಅಪ್ರಾಮಾಣಿಕ ಉದ್ದೇಶ ಇರಬೇಕು. ಪಕ್ಕದ ಮನೆ ಹುಡುಗ ಹೇಳದೆ ಒಯ್ದು, ಒಂದು ರೌಂಡ್ ಹೊಡೆದು ತಂದಿಟ್ಟರೆ? ಸಿಟ್ಟು ಬರುತ್ತೆ, ಆದರೆ ಕೋರ್ಟಿನಲ್ಲಿ ಚರ್ಚೆಯಾಗುವುದು ಆ ಉದ್ದೇಶವೇ. ಆಮೇಲೆ ಅಪರಾಧಗಳ ಅಂಕಿ ಲೆಕ್ಕ. ಬೈಕ್ ಹೋದರೆ ಇನ್ಶೂರೆನ್ಸ್ ಹಣ ಬೇಕಲ್ಲ, ಹಾಗಾಗಿ ಜನ ಎಫ್‌ಐಆರ್ ಮಾಡಿಸುತ್ತಾರೆ. ಜೇಬಿನಿಂದ ಹೋದ ಐನೂರು ರೂಪಾಯಿಗೆ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ ಹೇಳಿ. ಹೀಗೆ ದಾಖಲಾಗದೆ ಉಳಿದದ್ದನ್ನೇ 'ಡಾರ್ಕ್ ಫಿಗರ್' ಅನ್ನುವುದು. ಅಂಕಿ ಏರಿದೆ ಅಂದರೆ ಕಳ್ಳತನ ಜಾಸ್ತಿಯಾಗಿರಬಹುದು, ದೂರು ಕೊಡುವವರೂ ಜಾಸ್ತಿಯಾಗಿರಬಹುದು.

ಈಗ ಸಿದ್ಧಾಂತಗಳ ಸರದಿ. ಇಟಲಿಯ ಬೆಕಾರಿಯಾ 1764ರಲ್ಲೇ ಹೇಳಿದ್ದು: ಮನುಷ್ಯ ಲಾಭ ನಷ್ಟ ತೂಗುತ್ತಾನೆ, ಶಿಕ್ಷೆ ಕ್ರೂರವಾಗಿರುವುದಕ್ಕಿಂತ ತಪ್ಪಿಸಿಕೊಳ್ಳಲಾಗದ ಹಾಗಿರಬೇಕು. "ನೇಣಿಗೆ ಹಾಕಿ" ಅಂತ ಕಮೆಂಟ್ ಹಾಕುವವರು ಇದನ್ನೊಮ್ಮೆ ಓದಬೇಕು.

ಅದೇ ದೇಶದ ಲೊಂಬ್ರೋಸೊ ತಲೆಬುರುಡೆ, ದವಡೆ ಅಳೆದು, ಕೆಲವರು 'ಹುಟ್ಟು ಅಪರಾಧಿ'ಗಳು ಅಂತ 1876ರ ಪುಸ್ತಕದಲ್ಲಿ ಹೇಳಿದ. ವಿಜ್ಞಾನವಾಗಿ ಅದು ಬಿದ್ದುಹೋಗಿದೆ. ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಅವನ ಪುಸ್ತಕಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ನಮ್ಮಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು ಇಡೀ ಸಮುದಾಯಗಳನ್ನೇ ಅಪರಾಧಿಗಳು ಅಂತ ಪಟ್ಟಿ ಮಾಡಿದ್ದರು. ಕಾಯ್ದೆ 1952ರಲ್ಲಿ ಹೋಯಿತು, ಹಣೆಪಟ್ಟಿ ಪೂರ್ತಿ ಹೋಗಲಿಲ್ಲ. ಒಬ್ಬನಿಗೆ ಅಪರಾಧಿ ಅಂತ ಹಣೆಪಟ್ಟಿ ಹಚ್ಚುವುದು ಸಮಾಜವೇ ಅನ್ನುವ, ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್‌ನ ಲೇಬಲಿಂಗ್ ಸಿದ್ಧಾಂತ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ: ಬೈಕ್ ಹೋದ ತಕ್ಷಣ ಊರು ಯಾರ ಗುಡಿಸಲ ಕಡೆ ನೋಡುತ್ತೆ ಅಂತ ಗಮನಿಸಿ.

ಇನ್ನು ಅಮೆರಿಕದ ಮೂವರು ಸಮಾಜಶಾಸ್ತ್ರಜ್ಞರು: ಮರ್ಟನ್, ಸದರ್ಲ್ಯಾಂಡ್, ಹಿರ್ಶಿ. ಮರ್ಟನ್ ಸುಲಭ. ಬೈಕ್ ಇದ್ದರೇ ಮರ್ಯಾದೆ ಅಂತ ಸಮಾಜ ಹೇಳುತ್ತೆ, ಕೊಳ್ಳುವ ದಾರಿ ಮಾತ್ರ ಎಲ್ಲರಿಗೂ ತೆರೆದಿಲ್ಲ, ಆಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಸದರ್ಲ್ಯಾಂಡ್ ಕೇಳುವುದು ಬೇರೆ: ಹ್ಯಾಂಡಲ್ ಲಾಕ್ ಮುರಿಯುವುದನ್ನು, ಬಿಡಿಭಾಗ ಯಾರಿಗೆ ಮಾರಬೇಕು ಅನ್ನುವುದನ್ನು ಇವನಿಗೆ ಕಲಿಸಿದ್ದು ಯಾರು? ಹಿರ್ಶಿ ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಉಳಿದ ನಾವೆಲ್ಲ ಯಾಕೆ ಕದಿಯಲ್ಲ? ಮನೆ, ಕೆಲಸ, ನಾಲ್ಕು ಜನ ಏನಂದಾರು ಅನ್ನುವ ಕಟ್ಟು.

ನನಗೆ ಹೆಚ್ಚು ಇಷ್ಟ ಅಮೆರಿಕದ ಸಂಶೋಧಕರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದ್ದು, ಯಾಕಂದ್ರೆ ಅದು ಕಳ್ಳನ ಮನಸ್ಸು ಬಗೆಯುತ್ತಾ ಕೂರುವುದಿಲ್ಲ. ಕದಿಯುವ ಮನಸ್ಸಿರುವವನು, ಸುಲಭಕ್ಕೆ ಸಿಗುವ ವಸ್ತು, ಕಾಯುವವರು ಇಲ್ಲದಿರುವುದು, ಈ ಮೂರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರಬೇಕು. ಒಂದನ್ನು ತಪ್ಪಿಸಿದರೂ ಸಾಕು. ಅವಕಾಶ ಅಷ್ಟೊಂದು ಮುಖ್ಯವಾ ಅಂದ್ರೆ, ಪಶ್ಚಿಮ ಜರ್ಮನಿಯ ಕಥೆ ಕೇಳಿ. 1980ರಲ್ಲಿ ಅಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಶುರುವಾಯಿತು. ಸುಮ್ನೆ ಕಂಡ ಬೈಕ್ ಹತ್ತಿ ಹೋಗುವ ಕಳ್ಳನ ಹತ್ತಿರ ಹೆಲ್ಮೆಟ್ ಎಲ್ಲಿರುತ್ತೆ? ಆ ವರ್ಷ ಸುಮಾರು 1.53 ಲಕ್ಷ ಇದ್ದ ಬೈಕ್ ಕಳ್ಳತನ 1986ಕ್ಕೆ ಸುಮಾರು 54 ಸಾವಿರಕ್ಕೆ ಇಳಿಯಿತು. ಅವರೆಲ್ಲ ಕಾರು ಕದಿಯಲು ಹೋದರಾ ಅಂದ್ರೆ, ಕಾರು ಕಳ್ಳತನ ಅಷ್ಟೇನೂ ಏರಲಿಲ್ಲ.

ಬೈಕ್ ಮುಗಿದ ಮೇಲೆ ಇದೇ ಪ್ರಶ್ನೆಗಳನ್ನು ಒಟಿಪಿ ಕೇಳಿ ದುಡ್ಡು ಎಗರಿಸುವ ಫೋನ್ ಕರೆಗೆ ಹಾಕಿ ನೋಡಿ. ಅಲ್ಲಿ ಕಾಯುವವರು ಯಾರು? ಬ್ಯಾಂಕಾ, ಪೊಲೀಸಾ, ಪಕ್ಕದಲ್ಲಿ ಕೂತ ಮಗನಾ?